ದಾರದ ಲಗಾಮು

ಬೆಳಗಿನ ಐದೂಮುಕ್ಕಾಲು. ಮಾರ್ಗಶಿರದ ಚಳಿ ಪಂಚವಟಿಯ ಓಣಿಯಲ್ಲಿ ಮೊಣಕಾಲಿನವರೆಗೆ ನಿಂತಿದೆ. ತಗಡಿನ ಬಾಗಿಲು ಸರಿದ ಸದ್ದಿಗೆ ಒಳಗಿನಿಂದ ಒಂದು ಬಿಸಿಯುಸಿರು ಮಾರುತ್ತರ ಕೊಡುತ್ತದೆ. ಕತ್ತಲಲ್ಲಿ ಮೊದಲು ಕಾಣಿಸುವುದು ಮುಖದ ಬಿಳಿ ಪಟ್ಟೆ, ಆಮೇಲೆ ನೆಲದ ಹತ್ತಿರ ನಾಲ್ಕು ಬಿಳಿ ಕಾಲು. ನಡುವಿನ ಮೈ ಇನ್ನೂ ರಾತ್ರಿಯಲ್ಲೇ ಇದೆ.

ಪಂಚಕಲ್ಯಾಣಿ. ನಂದುರಬಾರ ಜಿಲ್ಲೆಯ ಸಾರಂಗಖೇಡದಲ್ಲಿ, ತಾಪಿ ನದಿಯ ದಂಡೆಯ ಮೇಲೆ ದತ್ತ ಜಯಂತಿಗೆ ನೆರೆಯುವ ಕುದುರೆ ಜಾತ್ರೆಯಲ್ಲಿ ಇಂಥದರ ಸುತ್ತ ಜನ ಮುಗಿಬೀಳುತ್ತಾರೆ. ಸುಳಿ ನೋಡುತ್ತಾರೆ. ಎತ್ತರವನ್ನು ಇಂಚಿನಲ್ಲಿ ಅಳೆಯುತ್ತಾರೆ. ಕಿವಿಯ ತುದಿಗಳು ಒಂದನ್ನೊಂದು ಮುಟ್ಟುತ್ತವೆಯೇ ಎಂದು ಎದುರಿಗೆ ನಿಂತು ಪರೀಕ್ಷಿಸುತ್ತಾರೆ. ಈ ಕಾಜಲ್ ಕೂಡ ಹಾಗೆ ಅಳೆಸಿಕೊಂಡೇ ಕೈಯಿಂದ ಕೈಗೆ ಹೋದವಳು. ಐದಾರು ಮದುವೆ ಹಂಗಾಮು ಮೆರವಣಿಗೆಯಲ್ಲಿ ಕುಣಿದು, ಬೆನ್ನು ಹಿಡಿದುಕೊಂಡು, ಇನ್ನು ಕುಣಿಯಲಾರಳು ಎಂದಾದ ಮೇಲೆ ಈ ತಬೇಲಾಕ್ಕೆ ಬಂದಳು.

"ಬಂದ್ಯಾ ತಂಗಿ? ಮೊದಲ ಆಕಿ ಕೂಡ ಮಾತಾಡು, ಆಮ್ಯಾಲ ನನ್ನ ಕೂಡ."

ಕಾಕಾ ವಿಜಯಪುರದ ಕಡೆಯವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಸೋದರಮಾವನ ಟಾಂಗಾ ಹೊಡೆಯಲು ನಾಶಿಕಕ್ಕೆ ಬಂದು ಇಲ್ಲೇ ಉಳಿದವರು. ನಾಶಿಕ ರೋಡ್ ಸ್ಟೇಷನ್ನಿನಿಂದ ರಾಮಕುಂಡದವರೆಗೆ ಯಾತ್ರಿಕರನ್ನು ಹೊತ್ತ ದಿನಗಳು ಮುಗಿದಿವೆ. ಈಗ ಬೇರೆಯವರು ಕೆಡಿಸಿದ ಕುದುರೆಗಳು ಅವರ ಕೈಗೆ ಬರುತ್ತವೆ. ಮರಾಠಿಯಲ್ಲಿ ವ್ಯವಹಾರ, ದಖನಿಯಲ್ಲಿ ಬೈಗುಳ, ಕುದುರೆಯ ಕಿವಿಯಲ್ಲಿ ಮಾತ್ರ ಕನ್ನಡ. ಓಝರಿನ ಎಚ್‌ಎಎಲ್ ವಸಾಹತಿನಲ್ಲಿ ಬೆಳೆದ ನನಗೆ ಆ ಕನ್ನಡ ಕೇಳಿದ ದಿನವೇ ಇಲ್ಲಿಂದ ಕಾಲು ಕೀಳಲಾಗಲಿಲ್ಲ.

ಅವರು ದೀಪ ಹಾಕುವುದಿಲ್ಲ. ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕಾಜಲ್‌ಳ ತುಟಿಯ ಮೂಲೆಗೆ ಒಯ್ಯುತ್ತಾರೆ. "ಹೆಬ್ಬೆರಳ ಒಳಗ ಬಿಡು. ಹೆದರಬ್ಯಾಡ, ಅಲ್ಲಿ ಹಲ್ಲಿಲ್ಲ." ಹೌದು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಬೆರಳಗಲಕ್ಕಿಂತ ಹೆಚ್ಚಿನ ಬೋಳು ವಸಡು. ಬಿಸಿ, ಒದ್ದೆ, ಹೂವಿನ ದಳದಷ್ಟು ತೆಳುವಾದ ಚರ್ಮ, ಅದರ ಕೆಳಗೆ ನೇರ ಎಲುಬು. ಕಡಿವಾಣದ ಕಬ್ಬಿಣ ಕೂರುವುದು ಇಲ್ಲಿಯೇ. ಹೆಬ್ಬೆರಳಿಗೆ ಒಂದು ಗಂಟು ಸಿಗುತ್ತದೆ, ಪಕ್ಕದಲ್ಲಿ ಇನ್ನೊಂದು. ಮಾಗಿದ ಗಾಯದ ಕಲೆಗಳು. ಮುಳ್ಳಿನ ಕಡಿವಾಣ ಬರೆದ ಬರಹ.

ಸವಾರಿಗೆ, ಗಾಡಿಗೆ ಕಟ್ಟುವ ಪ್ರಾಣಿಗಳಿಗೆ ಮುಳ್ಳಿರುವ ಕಡಿವಾಣ ಹಾಕಬಾರದೆಂದು ನಮ್ಮ ದೇಶದಲ್ಲಿ 1965ರಿಂದ ನಿಯಮವಿದೆ. ಆದರೂ ಬ್ಯಾಂಡಿನ ಮುಂದೆ ತಲೆ ಎತ್ತಿ, ಕಣ್ಣು ಹಿಗ್ಗಿಸಿ, ಮುಂಗಾಲನ್ನು ಎದೆಗೆ ಬಡಿಯುವಂತೆ ಎತ್ತುವ ಕುದುರೆಯನ್ನು ನೋಡಿ ನಾವು ನೋಟು ಹಾರಿಸುತ್ತೇವೆ. ಅದು ಬಾಯಿಯ ನೋವಿನಿಂದ ಮೇಲಕ್ಕೆ ಓಡುತ್ತಿರುತ್ತದೆ. ಮುಂದೆ ಓಡಲು ಬಿಡುವುದಿಲ್ಲ, ಹಿಂದೆ ಓಡಲು ಬಿಡುವುದಿಲ್ಲ, ಉಳಿದ ದಾರಿ ಮೇಲಿನದೊಂದೇ. ನಾನೂ ನನ್ನ ಸೋದರಸಂಬಂಧಿಯ ಮದುವೆಯಲ್ಲಿ ಹಾಗೆ ನಿಂತು ಚಪ್ಪಾಳೆ ತಟ್ಟಿದವಳು. ಹೆಬ್ಬೆರಳಿಗೆ ಆ ಗಂಟು ಸಿಕ್ಕಾಗಲೆಲ್ಲ ಆ ಚಪ್ಪಾಳೆ ನೆನಪಾಗುತ್ತದೆ.

"ಈಗ ಗಜ್ಜರಿ ತಗೊ."

ದಿನದ ಮೊದಲ ಪಾಠ ಗಜ್ಜರಿಯದು. ತುಂಡನ್ನು ಆಕೆಯ ಮೂಗಿಗೆ ತೋರಿಸಿ ನಿಧಾನವಾಗಿ ಬಲಪಕ್ಕೆಯ ಕಡೆ ಒಯ್ಯುತ್ತೇನೆ. ಕಾಲು ಕದಲಿಸದೆ ಕತ್ತು ಬಿಲ್ಲಿನಂತೆ ಬಾಗಿ ಬರಬೇಕು. ಆಮೇಲೆ ಎಡಕ್ಕೆ. ಆಮೇಲೆ ಮುಂಗಾಲುಗಳ ನಡುವೆ, ಮೊಣಕಾಲಿನ ಮಟ್ಟಕ್ಕೆ. ತಲೆ ಕೆಳಗಿಳಿದಂತೆ ಬೆನ್ನು ಮೇಲೇಳುವುದನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಬಹುದು. ಕೊನೆಗೆ ಕಾಕಾ ಬಗ್ಗಿ, ಮುಂಗಾಲುಗಳ ಹಿಂದೆ ಎದೆಯ ಅಡಿಯಲ್ಲಿ ಬೆರಳ ತುದಿಯಿಂದ ಕೆರೆಯುತ್ತಾರೆ. ಕಾಜಲ್ ಹೊಟ್ಟೆ ಬಿಗಿಹಿಡಿಯುತ್ತಾಳೆ, ಬೆನ್ನು ಎರಡು ಬೆರಳಿನಷ್ಟು ಉಬ್ಬುತ್ತದೆ, ಕೆರೆತ ನಿಂತ ಕೂಡಲೇ ಇಳಿಯುತ್ತದೆ. ಬಂದ ಹೊಸದರಲ್ಲಿ ಹೀಗೆ ಮುಟ್ಟಿದರೆ ಹಗ್ಗ ಸಡಿಲಾದ ಹೊರಸಿನಂತೆ ಬೆನ್ನು ಇನ್ನಷ್ಟು ಕುಸಿಯುತ್ತಿತ್ತಂತೆ, ಹಿಂಗಾಲು ಬೀಸುತ್ತಿದ್ದಳಂತೆ. ಈಗ ಕಣ್ಣು ಅರೆಮುಚ್ಚುತ್ತಾಳೆ.

ಕತ್ತಲು ಕರಗುತ್ತಿದೆ. ಜೀನು ಹಾಕಿ, ಆದರೆ ಹತ್ತದೆ, ಹಗ್ಗ ಹಿಡಿದು ಹೊರಡುತ್ತೇವೆ. ಕಾಳಾರಾಮ ದೇವಸ್ಥಾನದ ಕಪ್ಪು ಕಲ್ಲಿನ ಗೋಡೆಯ ಪಕ್ಕದಲ್ಲಿ ಕಾಕಡಾರತಿಯ ಗಂಟೆ ಕೇಳಿಸುತ್ತದೆ. ದಿಂಡೋರಿ ರಸ್ತೆಯ ಮಾರುಕಟ್ಟೆಗೆ ತರಕಾರಿ ಹೊತ್ತ ಟೆಂಪೋಗಳು ಹಾರನ್ ಹಾಕುತ್ತ ಹಾಯುತ್ತವೆ. ಈ ಗದ್ದಲವೂ ಪಾಠದ ಭಾಗವೇ. ನಾನು ನಿಂತರೆ ಕಾಜಲ್ ನಿಲ್ಲಬೇಕು, ಹಗ್ಗ ಬಿಗಿಯಾಗುವ ಮೊದಲೇ. ಉಸಿರು ಬಿಟ್ಟು ನಿಲ್ಲುತ್ತೇನೆ, ನಿಲ್ಲುತ್ತಾಳೆ. ಹಗ್ಗವನ್ನು ಎರಡು ಬೆರಳಲ್ಲಿ ಹಿಂದಕ್ಕೆ ಒರಗಿಸುತ್ತೇನೆ, ಮೂರು ಹೆಜ್ಜೆ ಹಿಂದೆ ಸರಿಯುತ್ತಾಳೆ. ಮೂರೇ. ನಾಲ್ಕನೆಯದನ್ನು ಕೇಳಿದರೆ ಕಾಕಾ ಕೆಮ್ಮುತ್ತಾರೆ. ಹಿಂದೆ ಸರಿಯುವಾಗ ಕುದುರೆ ಸೊಂಟ ಮಡಚಿ ಹಿಂಗಾಲಿನ ಮೇಲೆ ಕೂರಬೇಕಾಗುತ್ತದೆ. ಅದು ಮನುಷ್ಯ ಬೈಠಕ್ ಹೊಡೆದಂತೆ. ಹೆಚ್ಚು ಮಾಡಿಸಿದರೆ ಮೊಣಕೀಲಿಗೆ ಪೆಟ್ಟು.

ರಾಮಕುಂಡದ ಮೆಟ್ಟಿಲ ಬಳಿ ಹೂವಿನವರು ಆಗಲೇ ಕೂತಿದ್ದಾರೆ. ಗೋದಾವರಿಯ ಮೇಲೆ ಹೊಗೆಯಂತೆ ಮಂಜು. ಕಾಕಾ ಚೆಂಡುಹೂವಿನ ರಾಶಿಯ ಹಿಂದಿರುವ ಮಾವಶಿಯ ಹತ್ತಿರ ಹೋಗಿ ಏನೋ ಹೇಳುತ್ತಾರೆ. ಆಕೆ ನಗುತ್ತ ಹೂ ಕಟ್ಟುವ ಬಿಳಿ ದಾರವನ್ನು ಎರಡು ಮಾರು ಎಳೆದು ಹರಿದು ಕೊಡುತ್ತಾಳೆ. ಕಾಕಾ ಅದನ್ನು ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಏಕೆಂದು ನಾನು ಕೇಳುವುದಿಲ್ಲ. ಕೇಳಿದರೂ ಹೇಳುವವರಲ್ಲ.

ತಪೋವನ. ಕಪಿಲಾ ಗೋದಾವರಿಯನ್ನು ಕೂಡುವ ಸ್ಥಳದಿಂದ ಆಚೆಗೆ, ಕುಂಭಮೇಳದಲ್ಲಿ ಸಾಧುಗ್ರಾಮ ಏಳುವ ಬಯಲು. ಹನ್ನೆರಡು ವರ್ಷಕ್ಕೊಮ್ಮೆ ವೈಷ್ಣವ ಅಖಾಡಗಳ ಡೇರೆಗಳು ಇಲ್ಲಿ ತುಂಬುತ್ತವೆ. ಉಳಿದ ಕಾಲದಲ್ಲಿ ಇದು ಕ್ರಿಕೆಟ್ ಆಡುವ ಹುಡುಗರದು, ಮೇಕೆಗಳದು, ಬೆಳಗಿನ ಒಂದೂವರೆ ಗಂಟೆ ನಮ್ಮದು.

"ಹತ್ತು."

ಕಲ್ಲಿನ ಮೇಲೆ ನಿಂತು, ಭಾರ ಬೀಳದಂತೆ ಜೀನಿನಲ್ಲಿ ಇಳಿದು ಕೂರುತ್ತೇನೆ. ಲಗಾಮು ಉದ್ದ ಬಿಟ್ಟು ಬರೀ ನಡಿಗೆ. ಮೊದಲ ಕಾಲು ಗಂಟೆ ಇಷ್ಟೇ, ಇದರಲ್ಲಿ ಆತುರ ಮಾಡಿದವರನ್ನು ಕಾಕಾ ಮರುದಿನ ಒಳಗೆ ಬಿಡುವುದಿಲ್ಲ. ನನ್ನ ಕೆಲಸ ಕೇಳಿಸಿಕೊಳ್ಳುವುದು, ಅದೂ ಸೊಂಟದಿಂದ. ಕುದುರೆಯ ಹೊಟ್ಟೆ ನಡೆಯುವಾಗ ಗಂಟೆಯ ನಾಲಿಗೆಯಂತೆ ಅತ್ತಿತ್ತ ತೂಗುತ್ತದೆ. ಎಡ ಹಿಂಗಾಲು ಮುಂದೆ ಬರುವಾಗ ಹೊಟ್ಟೆ ಬಲಕ್ಕೆ ಸರಿದು ಜಾಗ ಕೊಡುತ್ತದೆ, ಆಗ ನನ್ನ ಎಡ ಸೊಂಟ ಒಂದು ಎಳೆ ಕೆಳಗಿಳಿಯುತ್ತದೆ. ಆ ಕ್ಷಣದಲ್ಲಿ ನನ್ನ ಎಡಗಾಲು ಮೀನಖಂಡದಿಂದ ಮೆಲ್ಲಗೆ ಮುಟ್ಟಿದರೆ ಆ ಹಿಂಗಾಲು ಇನ್ನೊಂದು ಗೇಣು ಮುಂದೆ, ಮೈಯ ಅಡಿಗೆ, ಬಂದು ಊರುತ್ತದೆ. ಅರೆಕ್ಷಣ ತಡವಾದರೆ ಆ ಕಾಲು ಆಗಲೇ ನೆಲದ ಮೇಲೆ. ನೆಲಕ್ಕೆ ಊರಿದ ಕಾಲನ್ನು ಮುಂದೆ ಬಾ ಎಂದು ಯಾರೂ ಕರೆಯಲಾರರು. ಎಷ್ಟು ಜೋರಾಗಿ ಒದೆಯಬೇಕು ಎಂದು ವರ್ಷಗಟ್ಟಲೆ ಕಲಿಯುವವರಿದ್ದಾರೆ. ಯಾವಾಗ ಮುಟ್ಟಬೇಕು ಎಂದು ತಿಳಿದರೆ ಒದೆಯುವ ಮಾತೇ ಬರುವುದಿಲ್ಲ.

"ಕಾಲ ಎಣಸು ತಂಗಿ. ಬಾಯಿ ಬಿಟ್ಟು ಎಣಸು."

ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ. ತ, ಕ, ಧಿ, ಮಿ. ನಾಲ್ಕು ಗೊರಸು, ನಾಲ್ಕು ಬೇರೆ ಬೇರೆ ಸದ್ದು, ನಡುವೆ ಸಮ ಅಂತರ. ಎಲ್ಲ ಕುದುರೆಗಳ ನಡಿಗೆಯೂ ಇದೇ. ವೇಗ ಬೇಕಾದಾಗ ಹೆಚ್ಚಿನ ಕುದುರೆಗಳು ಈ ನಾಲ್ಕನ್ನು ಬಿಟ್ಟು ದುಡಕಿಗೆ ಬೀಳುತ್ತವೆ: ಮೂಲೆಯಿಂದ ಮೂಲೆಗೆ ಎರಡೆರಡು ಕಾಲು ಒಟ್ಟಿಗೆ, ಸವಾರನ ಬೆನ್ನುಮೂಳೆ ಕುಟ್ಟುವ ಓಟ. ಮಾರವಾಡಿ, ಕಾಠಿಯಾವಾಡಿ ತಳಿಯ ಕೆಲವು ಕುದುರೆಗಳಿಗೆ ಮಾತ್ರ ಹುಟ್ಟಿನಿಂದಲೇ ಇನ್ನೊಂದು ದಾರಿ ಗೊತ್ತು. ನಡಿಗೆಯ ಅದೇ ನಾಲ್ಕು ಸದ್ದನ್ನು ಹಾಗೇ ಉಳಿಸಿಕೊಂಡು ಓಟದ ವೇಗಕ್ಕೆ ಏರುವುದು. ಅದೇ ರೇವಾಲ್. ಸುಖವಾಗಿ ನಡೆಯುವ ಕುದುರೆಗೆ ಪಾರಸಿಯಲ್ಲಿ ರಾಹವಾರ್ ಎನ್ನುತ್ತಾರೆ, ಅದರ ನೆರಳು ಈ ಮಾತಿನ ಮೇಲಿದೆ. ರೇವಾಲಿನಲ್ಲಿ ಹೋಗುವ ಕುದುರೆಯ ಬೆನ್ನು ನೆಗೆಯುವುದಿಲ್ಲ, ಹರಿಯುತ್ತದೆ. ಮರಳುಗಾಡಿನಲ್ಲಿ ದಿನವಿಡೀ ಸವಾರಿ ಮಾಡುವವರಿಗೆ ಬೇಕಾಗಿದ್ದುದು ಇಂಥ ಬೆನ್ನೇ.

ಜಗತ್ತಿನ ಬೇರೆ ಮೂಲೆಗಳಲ್ಲೂ ಈ ನಡೆ ಇದೆ. ಐಸ್‌ಲ್ಯಾಂಡಿನ ಗಿಡ್ಡ ಕುದುರೆಗಳು ಟೋಲ್ಟ್ ಎಂದು ಹೋಗುತ್ತವೆ, ಅಲ್ಲಿನ ಸವಾರರು ತುಂಬಿದ ಬಿಯರ್ ಲೋಟ ಹಿಡಿದು ಚೆಲ್ಲದೆ ಸ್ಪರ್ಧಿಸುತ್ತಾರೆ. ಕೊಲಂಬಿಯಾದ ಪಾಸೋ ಫಿನೋ ಹಲಗೆಯ ಮೇಲೆ ನಡೆದು ಗೊರಸಿನ ತಾಳ ಕೇಳಿಸುತ್ತದೆ. 2012ರಲ್ಲಿ ವಿಜ್ಞಾನಿಗಳು ಡಿಎಂಆರ್‌ಟಿ-3 ಎಂಬ ವಂಶವಾಹಿಯಲ್ಲಿನ ಒಂದು ಬದಲಾವಣೆಗೂ ಇಂಥ ನಡೆಗೂ ಸಂಬಂಧವಿರುವುದನ್ನು ತೋರಿಸಿದರು. ಬೆನ್ನುಹುರಿಯಲ್ಲಿ ಕಾಲುಗಳ ಸರದಿಯನ್ನು ನಡೆಸುವ ನರಗಳ ಮೇಲೆ ಅದರ ಪ್ರಭಾವ. ಹುಟ್ಟು ಇಷ್ಟನ್ನು ಕೊಡುತ್ತದೆ. ಆದರೆ ಹುಟ್ಟಿನಿಂದ ಬಂದದ್ದು ಕೆಟ್ಟ ಕೈಯಲ್ಲಿ ಎಷ್ಟು ಬೇಗ ಹಾಳಾಗುತ್ತದೆ ಎನ್ನುವುದಕ್ಕೆ ನಾನು ಕೂತಿರುವ ಬೆನ್ನೇ ಸಾಕ್ಷಿ.

ನೋವಿನಿಂದ ತಲೆ ಎತ್ತಿ ಬೆನ್ನು ಕುಸಿದ ಕುದುರೆಯ ಹಿಂಗಾಲು ಮೈಯ ಅಡಿಗೆ ಬರಲಾರದು, ಹಿಂದೆಯೇ ಎಳೆದಾಡುತ್ತದೆ. ಮೈ ಬಿಗಿದಂತೆ ನಾಲ್ಕು ಸದ್ದು ಎರಡೆರಡಾಗಿ ಅಂಟಿಕೊಳ್ಳುತ್ತವೆ. ಎಡಗಾಲೆರಡೂ ಒಮ್ಮೆಗೆ, ಬಲಗಾಲೆರಡೂ ಒಮ್ಮೆಗೆ. ತಕಧಿಮಿ ಹೋಗಿ ತಕ್, ಧಿಮ್. ಎತ್ತಿನಗಾಡಿ ಕಲ್ಲಿನ ದಾರಿಯಲ್ಲಿ ಹೊಯ್ದಾಡಿದಂತೆ ಸವಾರ ಅತ್ತಿತ್ತ. ಕಾಜಲ್ ಬಂದಾಗ ಹೀಗಿದ್ದಳು. "ರೇವಾಲ್ ಐತಿ ಅಂತ ಕೊಟ್ರು. ಐತಿ, ಹೂತ ಹೋಗೇತಿ. ಅಗದು ತಗೀಬೇಕು" ಎಂದಿದ್ದರು ಕಾಕಾ.

ಅಗೆಯುವ ಕೆಲಸ ಬೇವಿನ ಮರಗಳಿಂದ ಆರಂಭ. ಐದು ಮರ, ಓರೆಕೋರೆಯಾಗಿ. ಅವುಗಳ ನಡುವೆ ಹಾವಿನಂತೆ ಸುತ್ತಿ ಬರಬೇಕು. ಪ್ರತಿ ಮರದ ಸುತ್ತಲೂ ಆಕೆಯ ಪಕ್ಕೆ ಆ ವೃತ್ತಕ್ಕೆ ಹೊಂದಿ ಬಾಗಬೇಕು, ಮರದಿಂದ ಮರಕ್ಕೆ ದಾಟುವಾಗ ಒಂದು ಹೆಜ್ಜೆ ನೇರ, ಆಮೇಲೆ ಇನ್ನೊಂದು ಬದಿಗೆ ಬಾಗು. ಬಾಗುವಾಗ ಒಳಗಿನ ಹಿಂಗಾಲು ಕಡಿಮೆ ದೂರ ಹೋಗಿ ಹೆಚ್ಚು ಭಾರ ಹೊರಬೇಕಾಗುತ್ತದೆ. ಬಿಗಿದ ಬೆನ್ನು ಒಂದೊಂದು ಪಕ್ಕವಾಗಿ ಬಿಚ್ಚಿಕೊಳ್ಳುತ್ತದೆ. ಎಡಕ್ಕೆ ಕಾಜಲ್ ಸಲೀಸು. ಬಲಕ್ಕೆ ಮರದ ದಿಮ್ಮಿ. ನನಗೆ ಗೊತ್ತಿಲ್ಲದೆ ಬಲಗೈ ಎಳೆಯುತ್ತದೆ. ತಕ್ಷಣ ಆಕೆಯ ತಲೆ ಮೇಲೆ ಹೋಗುತ್ತದೆ.

"ಎಳದಿ."

"ಇಲ್ಲ ಕಾಕಾ."

"ನೀ ಇಲ್ಲಂದ್ರ ಏನಾತು, ಆಕಿ ಹೌದಂತಾಳ."

ಮತ್ತೆ ಅದೇ ಮರ. ಈ ಸಲ ಬಲ ಸೊಂಟ ಇಳಿಯುವುದಕ್ಕೆ ಕಾಯುತ್ತೇನೆ, ಕಾಲಿನಿಂದ ಕೇಳುತ್ತೇನೆ, ಬೆರಳನ್ನು ಒದ್ದೆ ಬಟ್ಟೆ ಹಿಂಡುವಂತೆ ಮುಚ್ಚಿ ತೆರೆಯುತ್ತೇನೆ. ತೆರೆಯುವುದೇ ಮುಖ್ಯ. ಕುದುರೆ ಕಲಿಯುವುದು ಒತ್ತಿದಾಗಲ್ಲ, ಒತ್ತುವುದನ್ನು ಬಿಟ್ಟ ಗಳಿಗೆಯಲ್ಲಿ. ಬಾಗಿದ ಗಳಿಗೆಗೇ ಬಿಡುವು ಸಿಕ್ಕಿತೆಂದರೆ ನಾಳೆ ಇನ್ನೂ ಬೇಗ ಬಾಗುತ್ತದೆ. ಬಿಡುವುದು ಎರಡು ಹೆಜ್ಜೆ ತಡವಾದರೆ ತಾನು ಮಾಡಿದ್ದು ಸರಿಯೋ ತಪ್ಪೋ ಅದಕ್ಕೆ ತಿಳಿಯದು. ಕಾಜಲ್ ಮೂಗಿನಿಂದ ಉದ್ದಕ್ಕೆ ಉಸಿರು ಬಿಡುತ್ತಾಳೆ. ಕತ್ತು ನನ್ನ ಮುಂದೆ ಇಳಿಜಾರಾಗಿ ಚಾಚಿಕೊಳ್ಳುತ್ತದೆ.

ಮರಗಳ ಆಚೆ ಆರು ಬೊಂಬುಗಳನ್ನು ಮೂರಡಿಗೊಂದರಂತೆ ನೆಲದ ಮೇಲೆ ಹಾಸಿದ್ದಾರೆ. ಅವುಗಳ ಮೇಲೆ ನಡಿಗೆಯಲ್ಲಿ ದಾಟಬೇಕು. ನೋಡುವವರಿಗೆ ಇದು ಮಕ್ಕಳ ಆಟ. ಆದರೆ ಎಡದ ಜೋಡಿ, ಬಲದ ಜೋಡಿ ಎಂದು ಅಂಟಿಕೊಂಡ ಕಾಲುಗಳನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಮದ್ದು ಕಾಕಾರಿಗೆ ಗೊತ್ತಿಲ್ಲ. ಪ್ರತಿ ಗೊರಸಿಗೂ ಬೇರೆಯಾಗಿ ಜಾಗ ಹುಡುಕಿ ಇಡಬೇಕು, ಎರಡನ್ನು ಒಟ್ಟಿಗೆ ಎಸೆಯಲು ಬೊಂಬು ಬಿಡುವುದಿಲ್ಲ. ಮೊದಲ ಸಲ ಕಾಜಲ್ ಎರಡನ್ನು ತಾಗಿಸುತ್ತಾಳೆ. ಎರಡನೆಯ ಸಲ ತಲೆ ತಗ್ಗಿಸಿ, ಕಿವಿ ಮುಂದೆ ಮಾಡಿ, ಸೀರೆಯ ನಿರಿಗೆ ಎತ್ತಿ ಹೊಳೆ ದಾಟುವ ಹೆಂಗಸಿನಂತೆ ಒಂದೊಂದೇ ಕಾಲು ಎತ್ತಿಡುತ್ತಾಳೆ. ನನ್ನ ಅಡಿಯಲ್ಲಿ ಬೆನ್ನು ಮೇಲೆದ್ದು ತುಂಬಿಕೊಳ್ಳುತ್ತದೆ. ಜೀನಿನ ಕೆಳಗೆ ಯಾರೋ ಒಳಗಿನಿಂದ ಅಂಗೈ ಒತ್ತಿದಂತೆ.

ಹಗುರ ಎಂದರೆ ಇದು. ನಮ್ಮ ಕೊರಳಿನ ಕೆಳಗೆ ತಡವಿದರೆ ಸಿಗುವ ಅಡ್ಡ ಎಲುಬು ಕುದುರೆಗೆ ಇಲ್ಲ. ಅದರ ಮುಂಗಾಲುಗಳು ಮೈಗೆ ಎಲುಬಿನಿಂದ ಸೇರಿಯೇ ಇಲ್ಲ. ಎರಡು ಕಂಬಗಳ ನಡುವೆ ತೊಟ್ಟಿಲು ಕಟ್ಟಿದ ಹಾಗೆ ಎದೆಗೂಡು ಬರೀ ಸ್ನಾಯು, ಪಟ್ಟಿಗಳಿಂದ ತೂಗುತ್ತಿದೆ. ನಿಂತ ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಈ ಮುಂಗಾಲುಗಳ ಮೇಲೆಯೇ, ಮೇಲೊಬ್ಬ ಸವಾರ ಕೂತರೆ ಮುಂದಕ್ಕೆ ಇನ್ನಷ್ಟು. ತೊಟ್ಟಿಲ ಹಗ್ಗ ಸೋತರೆ ಕುದುರೆ ಮುಂದಕ್ಕೆ ಕುಸಿದು, ಲಗಾಮಿನ ಮೇಲೆ ಭಾರ ಹೇರಿ, ಧಡಧಡ ಎಂದು ಹೋಗುತ್ತದೆ. ಹಗ್ಗ ಬಲವಾದರೆ ಎದೆ ಮೇಲೇಳುತ್ತದೆ, ಹಿಂಗಾಲು ಅಡಿಗೆ ಬರುತ್ತದೆ, ಕೈಯಲ್ಲಿ ಲಗಾಮು ಇದೆಯೋ ಇಲ್ಲವೋ ಎಂಬಷ್ಟು ಹಗುರ. ಇದನ್ನು ಕಬ್ಬಿಣದಿಂದ ಎತ್ತಲಾಗದು. ತಲೆಯನ್ನು ಮೇಲೆ ಕಟ್ಟಿದರೆ ತಲೆ ಮಾತ್ರ ಮೇಲೆ, ತೊಟ್ಟಿಲು ಕೆಳಗೇ.

ನೋವನ್ನು ಚೆಲುವೆಂದು ಮಾರುವುದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಟೆನೆಸ್ಸಿ ವಾಕಿಂಗ್ ಹಾರ್ಸ್ ತಳಿಯ ಮುಂಗಾಲು ಎತ್ತರಕ್ಕೆ ಏಳಲಿ ಎಂದು ಚರ್ಮ ಸುಡುವ ರಾಸಾಯನಿಕ ಹಚ್ಚಿ, ಸರಪಳಿ ಕಟ್ಟಿ ಪ್ರದರ್ಶನಕ್ಕೆ ಒಯ್ಯುತ್ತಿದ್ದರು. ಅದನ್ನು ತಡೆಯಲೆಂದೇ 1970ರಲ್ಲಿ ಕಾನೂನು ಬಂತು. ಅಲ್ಲಿಯ ಪ್ರೇಕ್ಷಕರೂ ಚಪ್ಪಾಳೆ ತಟ್ಟಿದವರೇ.

ಬಿಸಿಲು ಬಂತು. ಬಯಲಿನ ಅಂಚಿನ ಗೋಡೆಯ ಮೇಲೆ ನಮ್ಮ ನೆರಳು ಬೀಳುತ್ತಿದೆ. ಈಗ ಗೋಡೆಯ ಪಾಠ. ಗೋಡೆಗೆ ಸಮನಾಗಿ ಹೋಗುತ್ತಲೇ ಕುದುರೆಯ ಭುಜವನ್ನು ಒಂದು ಮೊಳ ಒಳಗೆ ತರಬೇಕು. ಹಿಂಗಾಲು ಗೋಡೆಯ ದಾರಿಯಲ್ಲೇ, ಮುಂಗಾಲು ಒಳದಾರಿಯಲ್ಲಿ. ಎದುರಿನಿಂದ ನೋಡಿದರೆ ನಾಲ್ಕು ಕಾಲಿಗೆ ಮೂರು ಗೆರೆ. ಒಳಗಿನ ಹಿಂಗಾಲು ಹೊಟ್ಟೆಯ ಅಡಿಗೆ, ಭಾರದ ನಟ್ಟನಡುವಿಗೆ ಬಂದು ಊರಲೇಬೇಕಾಗುತ್ತದೆ. ಫ್ರಾನ್ಸಿನ ಲಾ ಗೆರಿನಿಯೇರ್ ಎಂಬ ಗುರು 1733ರ ತನ್ನ ಸವಾರಿ ಗ್ರಂಥದಲ್ಲಿ ಇದನ್ನು ವಿವರವಾಗಿ ಬರೆದ. ಕಾಕಾ ಅವನ ಹೆಸರು ಕೇಳಿಲ್ಲ. ಟಾಂಗಾದ ಕುದುರೆಯನ್ನು ಕಿರಿದಾದ ಓಣಿಯಲ್ಲಿ ತಿರುಗಿಸುವಾಗ ಗೋಡೆ ಕಲಿಸಿಕೊಟ್ಟದ್ದು ಎನ್ನುತ್ತಾರೆ. ನಾಲ್ಕು ಹೆಜ್ಜೆ ಬರುತ್ತದೆ, ಐದನೆಯದಕ್ಕೆ ಕಾಜಲ್ ನೇರವಾಗುತ್ತಾಳೆ. ನೇರವಾಗಲು ಬಿಡುತ್ತೇನೆ, ಕತ್ತು ತಟ್ಟುತ್ತೇನೆ. ನಾಲ್ಕು ಬಂದವಲ್ಲ.

ನಮ್ಮ ಹಳಬರು ಈ ವಿದ್ಯೆಯನ್ನು ಹಗುರವಾಗಿ ಕಂಡವರಲ್ಲ. ಅಮರಕೋಶ ಕುದುರೆಯ ಐದು ಗತಿಗಳನ್ನು ಹೇಳುತ್ತದೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಇವುಗಳಿಗೆ ಒಟ್ಟಾಗಿ ಪಂಚಧಾರೆ ಎಂದು ಹೆಸರು. ಧಾರೆ! ಗೋದಾವರಿಯ ದಂಡೆಯಲ್ಲಿ ಕುದುರೆಯ ಮೇಲೆ ಕೂತಾಗ ಆ ಪದ ಯಾಕೆ ಬಂತೆಂದು ಮೈಗೇ ತಿಳಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಅಧ್ಯಾಯವೊಂದಿದೆ. ಸವಾರಿಯ ಕುದುರೆಯ ನಡೆಗಳನ್ನು ವಿಂಗಡಿಸುತ್ತ ಅಲ್ಲಿ ನಾರೋಷ್ಟ್ರ ಎಂದು ಒಂದನ್ನು ಪ್ರತ್ಯೇಕವಾಗಿ ಹೆಸರಿಸುತ್ತಾನೆ. ಸನ್ನೆಗೆ ಸ್ಪಂದಿಸುವುದು ಎಂದು ಅದರ ಅರ್ಥ. ಎರಡು ಸಾವಿರ ವರ್ಷದ ಹಿಂದಿನ ಆಡಳಿತದ ಪುಸ್ತಕವೊಂದು, ಕುದುರೆಯ ಮೇವು ಮದ್ದಿನ ಲೆಕ್ಕದ ನಡುವೆ, ಸನ್ನೆಗೆ ಓಗೊಡುವುದನ್ನೂ ಒಂದು ನಡೆ ಎಂದು ಎಣಿಸಿದೆ.

"ಈಗ ಕೇಳು ನೋಡೂಣು" ಎನ್ನುತ್ತಾರೆ ಕಾಕಾ. ಬಯಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿದ್ದಾರೆ. ಅವರು ರೇವಾಲನ್ನು ನೋಡುವುದಿಲ್ಲ, ಆಲಿಸುತ್ತಾರೆ. ಬಯಲಿನ ಈ ಪಟ್ಟಿಯಲ್ಲಿ ನೆಲ ಗಟ್ಟಿ, ಗೊರಸು ಸ್ಪಷ್ಟವಾಗಿ ನುಡಿಯುತ್ತದೆ.

ನಡಿಗೆ. ನಿಲ್ಲು. ನಡಿಗೆ. ಬೆನ್ನು ಉದ್ದ ಮಾಡಿ ಉಸಿರು ಎಳೆದುಕೊಳ್ಳುತ್ತೇನೆ, ಎರಡೂ ಮೀನಖಂಡ ಮುಟ್ಟಿಸುತ್ತೇನೆ. ಕಾಜಲ್ ವೇಗ ಹಿಡಿಯುತ್ತಾಳೆ. ತಕ್, ಧಿಮ್. ತಕ್, ಧಿಮ್. ಹಳೆಯ ಚಾಳಿ. ಎಳೆಯುವುದಿಲ್ಲ. ಉಸಿರು ಬಿಟ್ಟು ಮತ್ತೆ ನಡಿಗೆಗೆ ಕರೆಯುತ್ತೇನೆ. ಹತ್ತು ಹೆಜ್ಜೆ ಭುಜ ಒಳಗೆ. ಮತ್ತೆ ಕೇಳುತ್ತೇನೆ. ತಕ್, ಧಿಮ್. ಮತ್ತೆ ನಡಿಗೆ. ಕೇಳುವುದೂ ಇಳಿಯುವುದೂ ಇದೇ ಒಂದು ಕಸರತ್ತು. ಪ್ರತಿ ಸಲ ಇಳಿಯುವಾಗ ಹಿಂಗಾಲು ಒಂದಿಷ್ಟು ಅಡಿಗೆ ಬರುತ್ತದೆ, ಪ್ರತಿ ಸಲ ಏರುವಾಗ ಅಲ್ಲಿಂದಲೇ ಏರುತ್ತದೆ.

ಆರನೆಯ ಸಲ. ಏರಿದ್ದು ಗೊತ್ತೇ ಆಗುವುದಿಲ್ಲ. ಗಾಳಿ ಮಾತ್ರ ಮುಖಕ್ಕೆ ಜಾಸ್ತಿ ತಾಗುತ್ತಿದೆ. ಕತ್ತು ನನ್ನ ಮುಂದೆ ಮೆಲ್ಲಗೆ ತೂಗುತ್ತಿದೆ, ಕಿವಿಯ ತುದಿಗಳು ಒಂದಕ್ಕೊಂದು ತಾಗಿ ಬಿಡುತ್ತಿವೆ. ಜೀನು ಅಲ್ಲಾಡುತ್ತಿಲ್ಲ. ಕೆಳಗೆ ತಕಧಿಮಿ ತಕಧಿಮಿ, ನಮ್ಮ ಕಡೆಯ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳದಂತೆ, ಒಂದೇ ಸವನೆ. ಎಣಿಸುತ್ತೇನೆ. ಎಂಟು, ಒಂಬತ್ತು, ಹತ್ತು, ಹನ್ನೊಂದು.

"ಸಾಕು! ನಿಲ್ಲಸು! ಇಳಿ!"

ಇನ್ನೂ ಹೋಗುತ್ತಿದ್ದಳು. ನನಗೂ ಇನ್ನೂ ಬೇಕಿತ್ತು. ಕಾಕಾ ಓಡಿಬಂದು ಹೊಟ್ಟೆಪಟ್ಟಿ ಸಡಿಲಿಸಿ, ಆಕೆಯ ಹಣೆಗೆ ತಮ್ಮ ಹಣೆ ಒತ್ತಿ ನಿಲ್ಲುತ್ತಾರೆ. "ಚಲೋ ಮಾಡಿದಾಗ ಬಿಡಬೇಕು. ಕೆಟ್ಟ ಆಗೂಮಟ ಓಡಸಿದ್ರ ಕೆಟ್ಟದ್ದs ನೆನಪ ಇರ್ತೈತಿ." ಆ ಮುದುಕರ ಕಣ್ಣು ಒದ್ದೆಯಾಗಿದೆ. ಎರಡು ತಿಂಗಳಲ್ಲಿ ಆಕೆ ತಾನಾಗಿ ಕೊಟ್ಟ ಮೊದಲ ಹನ್ನೊಂದು ಹೆಜ್ಜೆ.

ಕಾಜಲ್ ತಲೆ ಕೊಡವಿ, ನಾಲಿಗೆ ಹೊರಗೆ ಹಾಕಿ ತುಟಿ ಸವರಿಕೊಳ್ಳುತ್ತಾಳೆ. ಹತ್ತು ನಿಮಿಷ ಮೇಯಲು ಬಿಡುತ್ತೇವೆ. ಒಣಹುಲ್ಲು ಹರಿಯುವ ಸದ್ದು, ದೂರದಲ್ಲಿ ಹುಡುಗರು ಸ್ಟಂಪು ನೆಡುವ ಸದ್ದು. ಆಮೇಲೆ ಕಾಕಾ ಜೇಬಿನಿಂದ ಆ ದಾರ ತೆಗೆಯುತ್ತಾರೆ.

ಕಡಿವಾಣದ ಬಳೆಯಿಂದ ಚರ್ಮದ ಲಗಾಮನ್ನು ಬಿಚ್ಚುತ್ತಾರೆ. ಬಳೆಗೂ ಚರ್ಮಕ್ಕೂ ನಡುವೆ, ಎರಡೂ ಬದಿಗೆ, ಒಂದೊಂದು ಎಳೆ ದಾರ ಕಟ್ಟುತ್ತಾರೆ. ಹೂವಿನ ಮಾಲೆಯ ತುದಿಗೆ ಹಾಕುವಂಥ ಗಂಟು. ತಲೆಪಟ್ಟಿಗೆ ಬೇರೆ ಹಗ್ಗ ಇದೆ, ಅಪಾಯಕ್ಕೆ ಅದು ನನ್ನ ತೊಡೆಯ ಮೇಲೆ ಸಡಿಲವಾಗಿ ಬಿದ್ದಿರುತ್ತದೆ. ಆದರೆ ನಾನು ಹಿಡಿಯಬೇಕಾದದ್ದು ಈ ದಾರದ ಲಗಾಮನ್ನು.

"ಮರಗೋಳ ಸುತ್ತ ಒಂದ ಸುತ್ತು. ನಡಿಗಿ ಅಷ್ಟs."

ಹತ್ತುತ್ತೇನೆ. ಕೈಯಲ್ಲಿ ಚರ್ಮದ ಭಾರ ಇದೆ, ಅದರ ತುದಿಯಲ್ಲಿ ಇರುವುದು ಬಾಳೆನಾರಿಗಿಂತ ತೆಳು. ಮೊದಲ ಮರ, ಎಡಕ್ಕೆ. ದಾರ ಇಳಿಬಿದ್ದು ತೂಗುತ್ತಿದೆ. ಎರಡನೆಯ ಮರ, ಬಲಕ್ಕೆ. ಸೊಂಟ ಇಳಿಯುವುದನ್ನು ಕಾಯುತ್ತೇನೆ, ಕಾಲು ಮುಟ್ಟಿಸುತ್ತೇನೆ, ಆಕೆ ಬಾಗುತ್ತಾಳೆ. ಮೂರನೆಯದು, ಎಡಕ್ಕೆ. ನಾಲ್ಕನೆಯ ಮರಕ್ಕೆ ತಿರುಗುವಾಗ ರಸ್ತೆಯಲ್ಲಿ ಲಾರಿಯೊಂದು ಹಾರನ್ ಹೊಡೆಯುತ್ತದೆ. ಕಾಜಲ್ ಬೆದರುವುದಿಲ್ಲ. ಬೆದರಿದ್ದು ನನ್ನ ಬಲಗೈ. ಟಪ್ಪೆಂದು ಸಣ್ಣ ಸದ್ದು, ಬಲ ಲಗಾಮು ಕೈಯಲ್ಲಿ ಜೋತುಬೀಳುತ್ತದೆ.

ಆಕೆ ತಾನಾಗಿ ನಿಲ್ಲುತ್ತಾಳೆ. ಒಂದು ಕಿವಿ ಹಿಂದೆ ತಿರುಗಿಸಿ ನನ್ನ ಕಡೆ ಕೇಳಿಸಿಕೊಳ್ಳುತ್ತಾಳೆ.

ಕಾಕಾ ಏನೂ ಅನ್ನುವುದಿಲ್ಲ. ಹತ್ತಿರ ಬಂದು, ಹರಿದ ತುಂಡನ್ನು ಬಿಸಾಡದೆ ಹಲ್ಲಿನಲ್ಲಿ ಕಚ್ಚಿಕೊಂಡು, ಉಳಿದ ದಾರದಿಂದ ಇನ್ನೊಂದು ಎಳೆ ಅಳೆದು ಬಳೆಗೆ ಕಟ್ಟುತ್ತಾರೆ. ನನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಮಡಚಿ ಕೊಡುತ್ತಾರೆ, ಮಗುವಿನ ಕೈಗೆ ಬಳಪ ಹಿಡಿಸುವ ಹಾಗೆ.

"ಮಾವಶಿ ಎರಡ ಮಾರು ಕೊಟ್ಟಾಳ. ಇನ್ನೂ ಭಾಳ ಐತಿ. ನಡಿಯವಾ."

ನಾಲ್ಕನೆಯ ಮರ, ಬಲಕ್ಕೆ.